ಎಪ್ಪತ್ತೆಂಟು ಸಾವಿರದ ಉಪವಾಸ

ನಾನು ಉಪವಾಸ ಕೂತದ್ದು ಪುಣ್ಯಕ್ಕಲ್ಲ, ಎಪ್ಪತ್ತೆಂಟು ಸಾವಿರ ರೂಪಾಯಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಚನ್ನರಾಯಪಟ್ಟಣದಲ್ಲಿ ಈಗ ನನ್ನ ಬಗ್ಗೆ ಎರಡು ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ನಾನು ಮಹಾತ್ಮ, ಇನ್ನೊಂದರಲ್ಲಿ ಮಹಾಮೂರ್ಖ. ಎರಡೂ ಸುಳ್ಳು. (ಎರಡನೆಯದು ನನ್ನ ಹೆಂಡತಿಯ ತವರಿನವರು ಹಬ್ಬಿಸಿದ್ದು.)

ಇದಕ್ಕೆಲ್ಲ ಮೂಲ ನನ್ನ ಭಾಮೈದ ಮಹಾವೀರ್. ಹಾಸನದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ತಾರಸಿಯ ಮೇಲೆ ಮೂರು ಕಿಲೋವ್ಯಾಟಿನ ಸೋಲಾರ್ ಹಾಕಿಸಿ, ಸರ್ಕಾರ ಅದಕ್ಕೆ ಕೊಡುವ ಎಪ್ಪತ್ತೆಂಟು ಸಾವಿರ ಸಬ್ಸಿಡಿ ಪಡೆದ. ಪಡೆದವನು ಸುಮ್ಮನಿದ್ದರೆ ಆಗುತ್ತಿತ್ತು. ನಾಮಕರಣಕ್ಕೆ ಬಂದರೂ ಸಬ್ಸಿಡಿಯ ಮಾತು, ಸಾವಿನ ಮನೆಗೆ ಬಂದರೂ ಸಬ್ಸಿಡಿಯ ಮಾತು. ಕೊನೆಗೆ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ನನ್ನ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ, ಎಲ್ಲರಿಗೂ ಕೇಳುವಂತೆ ಅಂದ:

"ಭಾವ, ನಿಮ್ಮನೆಗೂ ಹಾಕಿಸಿಬಿಡಿ. ಅರ್ಜಿ ಗಿರ್ಜಿ ನಾನು ನೋಡ್ಕೋತೀನಿ. ಆನ್‌ಲೈನು ಅದೆಲ್ಲ ನಿಮಗೆ ತೊಡಕಾಗ್ತದೆ."

ನನಗೆ ತೊಡಕಾಗುತ್ತದಂತೆ. ಇಪ್ಪತ್ತೆಂಟು ವರ್ಷದಿಂದ ಪಾತ್ರೆ ಅಂಗಡಿ ನಡೆಸುತ್ತಿರುವವನು ನಾನು. ತೂತು ಬಿದ್ದ ಕುಕ್ಕರನ್ನು ಹಿಂದಕ್ಕೆ ತಂದವರಿಗೆ ಇಡ್ಲಿ ಪಾತ್ರೆಯನ್ನೂ ಮಾರಿ ಕಳಿಸಿದವನು. ನನಗೆ ರೇಗಿತು. ನನ್ನ ಸಬ್ಸಿಡಿಯನ್ನು ನಾನೇ ತರಿಸಿಕೊಳ್ಳುತ್ತೇನೆ, ಒಬ್ಬರ ಕೈಕಾಲು ಹಿಡಿಯುವುದಿಲ್ಲ, ತರಿಸದಿದ್ದರೆ ನಿನ್ನ ಅಂಗಡಿಯ ಮುಂದೆ ನಿಂತು ಮಹಾವೀರನೇ ಬುದ್ಧಿವಂತ ಎಂದು ಕೂಗಿ ಹೇಳುತ್ತೇನೆ ಎಂದು ಪಂಕ್ತಿಯಲ್ಲೇ ಶಪಥ ಮಾಡಿದೆ. ಮೂವತ್ತು ಜನ ನೆಂಟರು ಪಾಯಸ ಬಿಟ್ಟು ಕೇಳಿಸಿಕೊಂಡರು.

ಶಪಥವೇನೋ ನನ್ನದು, ಆದರೆ ಮನೆ ನನ್ನದಲ್ಲ. ಕಟ್ಟಿಸುವಾಗ ನನ್ನ ಜಾತಕದಲ್ಲಿ ಗೃಹಯೋಗ ಇಲ್ಲ ಎಂದು ಯಾರೋ ಹೇಳಿದರು. ಹಾಗಾಗಿ ಹಿರಿಯರೆಲ್ಲ ಸೇರಿ ನನ್ನ ಹೆಂಡತಿ ಜ್ವಾಲಾಮಾಲಿನಿಯ ಹೆಸರಿಗೆ ಬರೆಸಿದರು. ಆದ್ದರಿಂದ ಕರೆಂಟಿನ ಮೀಟರು ಅವಳ ಹೆಸರಿನಲ್ಲಿ, ಅರ್ಜಿ ಅವಳ ಹೆಸರಿನಲ್ಲಿ, ಸಬ್ಸಿಡಿ ಬೀಳುವ ಬ್ಯಾಂಕ್ ಖಾತೆಯೂ ಅವಳದೇ. ಸಾಲದ ಕಂತು ಕಟ್ಟುವುದೊಂದು ಮಾತ್ರ ನನ್ನ ಪಾಲಿಗೆ ಬಂತು.

ಅರ್ಜಿಯ ಪ್ರತಿ ಹೆಜ್ಜೆಗೂ ಒಂದು ಓಟಿಪಿ ಬರುತ್ತದೆ. ಅದು ಬರುವುದು ಅವಳ ಫೋನಿಗೆ. ಆ ಫೋನು ಇರುವುದು ಅಡುಗೆಮನೆಯಲ್ಲಿ, ಇಂಗಿನ ಡಬ್ಬಿಯ ಪಕ್ಕ. ಓಟಿಪಿಯ ಆಯುಸ್ಸು ಹತ್ತು ನಿಮಿಷ ಎಂಬುದನ್ನು ಅವಳು ಬಲು ಬೇಗ ತಿಳಿದುಕೊಂಡಳು. ಬಂತೇನೇ ಎಂದು ನಾನು ಹಜಾರದಿಂದ ಕೂಗಿದರೆ, ಬಂದಿದೆ, ಮೊದಲು ಈ ಎರಡು ತೆಂಗಿನಕಾಯಿ ತುರಿದುಕೊಡಿ ಎಂದು ಉತ್ತರ. ಹೀಗೆ ಒಂದು ಓಟಿಪಿಗೆ ಅಟ್ಟ ಗುಡಿಸಿದೆ, ಇನ್ನೊಂದಕ್ಕೆ ಬಚ್ಚಲಿನ ನಲ್ಲಿ ರಿಪೇರಿ ಮಾಡಿಸಿದೆ, ಮತ್ತೊಂದಕ್ಕೆ ಅವಳನ್ನು ಹೊಳೆನರಸೀಪುರದ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಿ ಆ ಚಿಕ್ಕಮ್ಮನ ಮಂಡಿನೋವಿನ ವೃತ್ತಾಂತವನ್ನು ಎರಡು ಗಂಟೆ ಕೇಳಿದೆ. ಆದರೂ ಬಗ್ಗಲಿಲ್ಲ. ಅರ್ಜಿ ಪೂರ್ತಿ ಮಾಡಿಯೇ ತೀರಿದೆ.

ಪ್ಯಾನೆಲ್ ಹಾಕಲು ಬಂದವನು ಅರಕಲಗೂಡು ಕಡೆಯ ಮಲ್ಲಿಪಟ್ಟಣದ ಪರಮೇಶ. ಮಾತು ಜಾಸ್ತಿ, ಕೆಲಸ ಅಚ್ಚುಕಟ್ಟು. ಎರಡು ದಿನದಲ್ಲಿ ಎಲ್ಲ ಮುಗಿಸಿದ. ಕರೆಂಟ್ ಆಫೀಸಿನವರು ಬಂದು ಪರೀಕ್ಷೆ ಮಾಡಿ ಹೊಸ ಮೀಟರು ಕೂರಿಸಿದರು. ಪ್ಯಾನೆಲ್ ಪಕ್ಕ ಮನೆಯ ಯಜಮಾನರು ನಿಂತ ಫೋಟೋ ಬೇಕೆಂದರು. ಜ್ವಾಲಾಮಾಲಿನಿ ರೇಷ್ಮೆ ಸೀರೆ ಉಟ್ಟು ನಿಂತಳು. ಬಿಸಿಲು ಜೋರಾಗಿದ್ದರಿಂದ ಅವಳಿಗೆ ಕೊಡೆ ಹಿಡಿದವನು ನಾನು. (ಫೋಟೋದಲ್ಲಿ ನನ್ನ ಮೊಣಕೈ ಕಾಣುತ್ತದೆ.)

"ಇನ್ನೇನಿಲ್ಲ ಸಾ," ಎಂದ ಪರಮೇಶ, "ಒಂದ್ ತಿಂಗ್ಳೊಳಗೆ ಅಮ್ಮಾವ್ರ ಅಕೌಂಟ್ಗೆ ಬಂದು ಬಿದ್ಬುಡ್ತದೆ."

ಆ ಒಂದು ತಿಂಗಳು ಮುಗಿಯುವುದಕ್ಕೂ ದಶಲಕ್ಷಣ ಪರ್ವ ಶುರುವಾಗುವುದಕ್ಕೂ ಸರಿಹೋಯಿತು. ಭಾದ್ರಪದದಲ್ಲಿ ನಮ್ಮ ಜೈನರಿಗೆ ಈ ಹತ್ತು ದಿನ ಬಹಳ ದೊಡ್ಡದು. ಮೊದಲನೆಯ ದಿನ ಕ್ಷಮೆ, ಎರಡನೆಯ ದಿನ ವಿನಯ, ಹೀಗೆ ದಿನಕ್ಕೊಂದು ಧರ್ಮವನ್ನು ನೆನೆಯುತ್ತೇವೆ. ಪ್ರತಿಯೊಬ್ಬರೂ ಕೈಲಾದ ನಿಯಮ ತೆಗೆದುಕೊಳ್ಳುತ್ತಾರೆ. ಕೆಲವರು ಒಪ್ಪತ್ತು ಊಟ ಮಾಡುತ್ತಾರೆ, ಕೆಲವರು ಉಪ್ಪು ಬಿಡುತ್ತಾರೆ. ಎಲ್ಲ ಮುಗಿದ ಮೇಲೆ ಬರುವುದು ಕ್ಷಮಾವಾಣಿ. ಅಂದು ಯಾರನ್ನು ನೋಯಿಸಿದ್ದೇವೋ ಅವರಿಗೆ ಕೈಮುಗಿದು 'ಉತ್ತಮ ಕ್ಷಮಾ' ಎಂದು ಕ್ಷಮೆ ಕೇಳಬೇಕು, ಕೇಳಿದವರನ್ನು ಕ್ಷಮಿಸಲೇಬೇಕು. ನಾನು ಪ್ರತಿವರ್ಷ ಹತ್ತು ದಿನ ಈರುಳ್ಳಿ ಬಿಡುವ ನಿಯಮ ತೆಗೆದುಕೊಳ್ಳುತ್ತೇನೆ. (ನಮ್ಮ ಮನೆಯಲ್ಲಿ ಈರುಳ್ಳಿ ತರುವುದೇ ಇಲ್ಲ.)

ಪರ್ವದ ಮೊದಲನೆಯ ದಿನ ನಾನು ಅಂಗಡಿಯಿಂದ ತಿಂಡಿಗೆ ಬಂದಾಗ ಜ್ವಾಲಾಮಾಲಿನಿ ಬಸದಿಯಿಂದ ಆಗಲೇ ಬಂದಿದ್ದಳು. ಇಂಗಿನ ಡಬ್ಬಿಯ ಪಕ್ಕ ಫೋನು ಇರಲಿಲ್ಲ.

"ಕ್ಷಮಾವಾಣಿವರೆಗೂ ಫೋನು ಮುಟ್ಟಲ್ಲ. ದುಡ್ಡುಕಾಸಿನ ಮಾತು ಆಡಲ್ಲ," ಎಂದಳು. "ಬೆಳಗ್ಗೆ ನಿಯಮ ತಗೊಂಡೆ."

ಫೋನೂ ಪಾಸ್‌ಬುಕ್ಕೂ ಬೀರುವಿನೊಳಗೆ, ಬೀರುವಿನ ಕೀಲಿ ದೇವರಕೋಣೆಯಲ್ಲಿ. ನನ್ನ ಜೀವ ಬಾಯಿಗೆ ಬಂತು. ಹಣ ಬಂದಿದೆಯೋ ಇಲ್ಲವೋ ನೋಡಬೇಕಾದರೆ ಓಟಿಪಿ ಬೇಕು. ಬ್ಯಾಂಕಿಗೆ ಹೋದರೆ ಖಾತೆದಾರರೇ ಬರಲಿ ಎನ್ನುತ್ತಾರೆ. ಒಂದೇ ಒಂದು ಸಲ ನೋಡಿ ಹೇಳೆಂದು ಅಂಗಲಾಚಿದೆ. ಅವಳು ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದಳು. ನಾನೇ ಕೀಲಿ ತೆಗೆಯಬಹುದಿತ್ತು ಎನ್ನುತ್ತೀರಾ? ಇನ್ನೊಬ್ಬರ ನಿಯಮ ಮುರಿಯುವಷ್ಟು ಕೆಟ್ಟವನಲ್ಲ ನಾನು. ಅಲ್ಲದೆ ಅವಳ ಫೋನಿನ ಲಾಕು ತೆಗೆಯುವುದು ನನಗೆ ಗೊತ್ತಿಲ್ಲ.

ಎರಡನೆಯ ದಿನ ಮಹಾವೀರ್ ಫೋನ್ ಮಾಡಿ, ಭಾವ, ಬಂತಾ ಎಂದು ಕೇಳಿದ. ಅವನಿಗೆ ಸಬ್ಸಿಡಿ ಬಂದದ್ದು ವಶೀಲಿಯಿಂದ, ನಾನು ವಶೀಲಿ ಮಾಡುವವನಲ್ಲ ಎಂದು ಝಾಡಿಸಿ ಇಟ್ಟೆ. ಅಂದು ವಿನಯದ ದಿನ ಎಂದು ಆಮೇಲೆ ನೆನಪಾಯಿತು. ನಾಲ್ಕನೆಯ ದಿನ ಪರಮೇಶನನ್ನು ಅಂಗಡಿಗೆ ಕರೆಸಿ, ಕಾಗದಪತ್ರ ಸರಿಯಾಗಿ ಕಳಿಸಿಲ್ಲ, ಕಮಿಷನ್ ಹೊಡೆದು ನನ್ನ ಕುತ್ತಿಗೆ ಕುಯ್ದೆ ಎಂದೆಲ್ಲ ಅಂದೆ. ಪಾಪ, ಅವನ ಮುಖ ಸಣ್ಣಗಾಯಿತು.

"ಅಂಗನ್ಬ್ಯಾಡಿ ಸಾ. ಎಲ್ಲಾನೂ ನಾನೇ ಕೂತ್ಕಂಡು ಆಕಿವ್ನಿ. ಅಮ್ಮಾವ್ರ ಅಕೌಂಟ್ ಒಸಿ ನೋಡ್ಸಿ."

ಅಕೌಂಟ್ ನೋಡುವುದನ್ನು ನನಗೆ ಹೇಳಿಕೊಡಬೇಡ ಎಂದು ಅಟ್ಟಿದೆ. ಆರನೆಯ ದಿನ ಕರೆಂಟ್ ಆಫೀಸಿಗೇ ಹೋದೆ. ಅಲ್ಲಿನ ಇಂಜಿನಿಯರ್ ಭಾನುಪ್ರಿಯಾ ಎಂಬ ಹುಡುಗಿ, ಬಹಳ ಸಮಾಧಾನದವಳು. ತಮ್ಮ ಕಡೆಯಿಂದ ವರದಿ ಹೋಗಿ ತಿಂಗಳಾಯಿತು, ಖಾತೆಯನ್ನು ಒಮ್ಮೆ ನೋಡಿಸಿ ಎಂದಳು. ಇವಳೂ ಅದನ್ನೇ ಹೇಳುತ್ತಾಳಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತು. ಮೇಜು ಗುದ್ದಿದೆ. ಸೋಮಾರಿಗಳು ಎಂದೆ. ಸೂರ್ಯ ದಿನಾ ಸರಿಯಾಗಿ ಬರುತ್ತಾನೆ, ನಿಮ್ಮ ದುಡ್ಡು ಮಾತ್ರ ಬರುವುದಿಲ್ಲ ಎಂದೆ. ಚತುರ್ದಶಿಯ ದಿನ ನಿಮ್ಮ ಆಫೀಸಿನ ಮುಂದೆ ಆಮರಣಾಂತ ಉಪವಾಸ ಕೂರುತ್ತೇನೆ ಎಂದೂ ಘೋಷಿಸಿದೆ. ಅಂದು ಸಂಯಮದ ದಿನವಾಗಿತ್ತು.

ಹೇಳಿದಂತೆ ಮಾಡಿದೆ. ಕುಕ್ಕರಿನ ರಟ್ಟಿನ ಪೆಟ್ಟಿಗೆ ಹರಿದು, 'ನನ್ನ ಸಬ್ಸಿಡಿ ಎಲ್ಲಿ? ಉತ್ತರ ಸಿಗುವವರೆಗೂ ಉಪವಾಸ' ಎಂದು ಕೆಂಪು ಬಣ್ಣದಲ್ಲಿ ಬರೆದೆ. ಜ್ವಾಲಾಮಾಲಿನಿ ಬಂದು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಬಣ್ಣ ಸೋರದಂತೆ ಕೆಳಗೆ ಒಂದು ಹಳೇ ಬಟ್ಟೆ ಹಾಸಿ ಹೋದಳು. ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗಿ ಕರೆಂಟ್ ಆಫೀಸಿನ ಗೇಟಿನ ಮುಂದೆ ಕೂತೆ. ಜೇಬಿನಲ್ಲಿ ನಾಲ್ಕು ಚಕ್ಕುಲಿ ಇಟ್ಟುಕೊಂಡಿದ್ದೆ. ಆಮರಣಾಂತ ಎಂದರೂ ಮಧ್ಯಾಹ್ನ ಹಸಿವಾಗುತ್ತದಲ್ಲ.

ಆದರೆ ನಾನು ಒಂದು ವಿಷಯ ಮರೆತಿದ್ದೆ. ಚತುರ್ದಶಿ ಪರ್ವದ ಕೊನೆಯ ದಿನ. ನಮ್ಮವರಲ್ಲಿ ಮುಕ್ಕಾಲು ಪಾಲು ಜನ ಅಂದು ಉಪವಾಸ ಇರುತ್ತಾರೆ. ಹತ್ತು ಗಂಟೆಗೆ ಬಸದಿ ಬೀದಿಯ ಅಜ್ಜಿಯೊಬ್ಬರು ಆ ದಾರಿಯಲ್ಲಿ ಬಂದರು. ಬೋರ್ಡು ಓದಲು ಅವರ ಕನ್ನಡಕ ಮನೆಯಲ್ಲಿತ್ತು. ಉಪವಾಸ ಕೂತಿದ್ದೀನಿ ಎಂದೆ. ಅಜ್ಜಿಯ ಕಣ್ಣಲ್ಲಿ ನೀರು ಬಂತು.

"ನಿನ್ನ ಪುಣ್ಯಕ್ಕೆ ಅನುಮೋದನೆ ಕಣಪ್ಪ ಚಂದ್ರನಾಥ. ನಿಮ್ಮಪ್ಪ ಜೀವಮಾನದಲ್ಲಿ ಒಂದು ಉಪವಾಸ ಮಾಡಿದವನಲ್ಲ. ನೀನು ಬೀದೀಲಿ ಕೂತು ಮಾಡ್ತಿದ್ದೀಯ."

ಇದು ಆ ಉಪವಾಸವಲ್ಲ ಅಜ್ಜಿ, ಸಬ್ಸಿಡಿಗೆ ಎಂದೆ. ಮಾಡಿದ ಪುಣ್ಯವನ್ನು ಬಚ್ಚಿಡುತ್ತಾನೆ, ಎಂಥ ವಿನಯ ಎಂದು ಅಜ್ಜಿ ಬಸದಿಗೆ ಹೋಗಿ ಎಲ್ಲರಿಗೂ ಹೇಳಿದರು. ಹನ್ನೊಂದು ಗಂಟೆಗೆ ಎಂಟು ಜನ ಬಂದರು, ಹನ್ನೆರಡಕ್ಕೆ ಇಪ್ಪತ್ತು ಜನ. ನಾನು ಸರ್ಕಾರವನ್ನು ಬಯ್ದಷ್ಟೂ ಅವರು ಕೈಮುಗಿದರು. ನನ್ನ ಬೋರ್ಡನ್ನು ಯಾರೋ ಕಿಡಿಗೇಡಿಗಳು ಇಟ್ಟದ್ದೆಂದು ಒಬ್ಬರು ಎತ್ತಿ ಚರಂಡಿಯ ಕಡೆ ಎಸೆದರು. ನನ್ನ ಪಕ್ಕದ ಅಂಗಡಿಯ ಸ್ನೇಹಿತ ಪಂಚಾಕ್ಷರಯ್ಯ ಕನಿಕರದಿಂದ ಒಂದು ಎಳನೀರು ತಂದುಕೊಟ್ಟರು. ಬಾಯಿಗಿಡುವಷ್ಟರಲ್ಲಿ ಅಜ್ಜಿ ಕಿತ್ತುಕೊಂಡು, ನೀರನ್ನೂ ಮುಟ್ಟದ ವ್ರತ ಕೆಡಿಸುತ್ತೀರಾ ಎಂದು ಅವರನ್ನು ಗದರಿದರು. ಇಪ್ಪತ್ತು ಜನರ ಕಣ್ಣೆದುರು ಚಕ್ಕುಲಿ ತಿನ್ನುವುದು ಹೇಗೆ? ಕೈ ಜೇಬಿಗೆ ಹೋಗಿ ಹೋಗಿ ಬರಿದೇ ವಾಪಸು ಬರುತ್ತಿತ್ತು. ಸಂಜೆ ಎಲ್ಲರೂ ಭಜನೆ ಹಾಡುತ್ತ ನನ್ನನ್ನು ಮನೆಗೆ ಮುಟ್ಟಿಸಿದರು. ನಮ್ಮಲ್ಲಿ ಸೂರ್ಯಾಸ್ತವಾದ ಮೇಲೆ ಊಟವಿಲ್ಲ. ನಾವು ಮನೆ ತಲುಪುವಾಗ ಸೂರ್ಯ ಮುಳುಗಿ ಹತ್ತು ನಿಮಿಷವಾಗಿತ್ತು.

ಕ್ಷಮಾವಾಣಿಯ ದಿನ ಬೆಳಗ್ಗೆ ಜ್ವಾಲಾಮಾಲಿನಿ ಬಸದಿಯಿಂದ ಬಂದು ಬೀರು ತೆಗೆದು, ಫೋನ್ ಆನ್ ಮಾಡಿ ನನ್ನ ಕೈಗಿಟ್ಟಳು. ಎಪ್ಪತ್ತೆಂಟು ಸಾವಿರ ರೂಪಾಯಿ ಜಮೆ. ತಾರೀಖು ನೋಡಿದೆ. ಪರ್ವದ ಮೊದಲನೆಯ ದಿನ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ.

ಅಂದರೆ ನಾನು ಬಯ್ದವರನ್ನೆಲ್ಲ ಸುಮ್ಮನೆ ಬಯ್ದಿದ್ದೆ. ಆದರೂ ಕ್ಷಮೆ ಕೇಳುವ ಪ್ರಶ್ನೆಯೇ ಇಲ್ಲ ಎಂದು ತೀರ್ಮಾನಿಸಿದೆ. ಹಣ ಬಂತಲ್ಲ, ಗೆದ್ದವನು ನಾನು, ಗೆದ್ದವನು ಯಾಕೆ ಕೈಮುಗಿಯಬೇಕು? ಹಾಗೆಂದುಕೊಳ್ಳುವಷ್ಟರಲ್ಲಿ ಮಹಾವೀರ್ ಹಾಸನದಿಂದ ಬಂದಿಳಿದ. ಎರಡೂ ಕೈ ಜೋಡಿಸಿ, ಉತ್ತಮ ಕ್ಷಮಾ, ಭಾವ, ಪಂಕ್ತಿಯಲ್ಲಿ ನಿಮ್ಮನ್ನು ಕೆಣಕಿದ್ದು ನನ್ನದೇ ತಪ್ಪು ಎಂದ. ಅವನು ಮೊದಲು ಕೇಳಿಬಿಟ್ಟನಲ್ಲ, ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು. ಹಣ ಬಂದದ್ದನ್ನು ಹೇಳಿದೆ. ನಾನೇ ತರಿಸಿದೆ ಎಂದೂ ಸೇರಿಸಿದೆ. ಅವನು ಅಕ್ಕನ ಮುಖ ನೋಡಿದ.

ಆಮೇಲೆ ಒಂದರ ಹಿಂದೊಂದು. ಪರಮೇಶನಿಗೆ ಫೋನ್ ಮಾಡಿದೆ. ಬುಡಿ ಸಾ, ದೊಡ್ಡೋರು ಅಂದ್ರೆ ಅಂದ್ಕತೀರ ಎಂದ. ತಿರುಗಿ ಬಯ್ದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಒಂದು ಡಬ್ಬಿ ಮೈಸೂರುಪಾಕು ಹಿಡಿದು ಕರೆಂಟ್ ಆಫೀಸಿಗೆ ಹೋದೆ. ಭಾನುಪ್ರಿಯಾ ನಗುತ್ತ ತೆಗೆದುಕೊಂಡಳು, ನಾನು ಗುದ್ದಿದ್ದ ಮೇಜಿನ ಮೇಲೆಯೇ ಇಟ್ಟು ಎಲ್ಲರಿಗೂ ಹಂಚಿದಳು. ಅಷ್ಟೊಂದು ಜನ ಒಂದೇ ದಿನ ನನ್ನನ್ನು ಕ್ಷಮಿಸಿದ್ದು ನನಗೆ ಸರಿಬರಲಿಲ್ಲ. ಜಗಳಕ್ಕೆ ಒಬ್ಬರಾದರೂ ಉಳಿಯಬೇಕಿತ್ತು.

ಉಳಿದವಳು ಹೆಂಡತಿ. ಮನೆಗೆ ಬಂದು ಹಜಾರದಲ್ಲಿ ಅವಳ ಎದುರು ನಿಂತು ಗಂಭೀರವಾಗಿ ಕೈಮುಗಿದೆ. ಹತ್ತು ದಿನ ನಿನ್ನ ನಿಯಮವನ್ನು ಮನಸ್ಸಿನಲ್ಲೇ ಶಪಿಸಿದ್ದೀನಿ, ಕ್ಷಮಿಸು ಎಂದೆ. ಕ್ಷಮಿಸಿದ್ದೀನಿ ಎಂದಳು. ನಾನು ಕುರ್ಚಿಯ ಕಡೆ ತಿರುಗಿದೆ. ಅವಳು ಕೈಮುಗಿದುಕೊಂಡೇ ನಿಂತಿದ್ದಳು.

"ನಾನೂ ಕೇಳ್ಬೇಕು ರೀ. ಅವತ್ತು ಬಸದೀಲಿ ನಿಯಮ ತಗೊಂಡು ಮನೆಗೆ ಬಂದು, ಫೋನು ಆಫ್ ಮಾಡೋಕೆ ಕೈ ಹಾಕಿದೆ. ಅಷ್ಟರಲ್ಲಿ ಮೆಸೇಜು ಬಂತು. ಓದಿಬಿಟ್ಟೆ."

"ಓದಿದ್ಯಾ?"

"ಓದಿದೆ. ದುಡ್ಡಿನ ಮಾತು ಆಡಲ್ಲ ಅಂತ ನಿಯಮ ತಗೊಂಡಾಗಿತ್ತಲ್ಲ, ಹೇಳೋ ಹಾಗಿರ್ಲಿಲ್ಲ. ನೀವು ಬೋರ್ಡು ಬರೀವಾಗಂತೂ ಬಾಯಿ ತುದಿಗೆ ಬಂದಿತ್ತು. ನುಂಗ್ಕೊಂಡೆ. ಉತ್ತಮ ಕ್ಷಮಾ."

ನನ್ನ ಬಾಯಿ ತೆರೆಯಿತು. ಮೇಜು ಗುದ್ದಿದ್ದು, ಪರಮೇಶನ ಸಣ್ಣಗಾದ ಮುಖ, ಕೈ ತಪ್ಪಿದ ಎಳನೀರು, ಎಲ್ಲ ಒಟ್ಟಿಗೆ ನೆನಪಾದವು. ಆಡಬೇಕಾದ ಮಾತುಗಳೆಲ್ಲ ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತವು. ಅಷ್ಟರಲ್ಲಿ ಬಾಗಿಲಲ್ಲಿ ಬಸದಿ ಬೀದಿಯ ಅಜ್ಜಿ, ಅವರ ಹಿಂದೆ ಏಳೆಂಟು ಜನ, ನಮ್ಮ ಮನೆಗೆ ಕ್ಷಮೆ ಕೇಳಲು ಬಂದವರು. ನನ್ನಂಥ ತಪಸ್ವಿಯೊಬ್ಬ ಹೆಂಡತಿಯನ್ನು ಹೇಗೆ ಕ್ಷಮಿಸುತ್ತಾನೆಂದು ನೋಡಲು ಎಲ್ಲರೂ ಕೈಜೋಡಿಸಿ ನಿಂತಿದ್ದರು.

"ಕ್ಷಮಿಸಿದೆ," ಎಂದೆ.

ಜ್ವಾಲಾಮಾಲಿನಿ ಬೆಳಗ್ಗೆಯಿಂದ ನನ್ನ ಜೇಬಿನಲ್ಲೇ ಇದ್ದ ತನ್ನ ಫೋನನ್ನು ಮೆಲ್ಲಗೆ ತೆಗೆದುಕೊಂಡು ಒಳಗೆ ಹೋದಳು. ಎಪ್ಪತ್ತೆಂಟು ಸಾವಿರವೂ ಅವಳ ಹಿಂದೆಯೇ ಹೋಯಿತು.