ಮನೆ ಶಾಸ್ತ್ರದ ಮೇಡಮ್ಮು, ಕಾಲರ್ ಟೆಸ್ಟು

ನಾನು ಎಲ್ಲಿದ್ರೂ ಅಲ್ಲಿ ಏನಾರ ಒಂದು ಆಗೇ ಆಗ್ತೈತೆ ಕಣ್ರಿ. ನಮ್ಮನೆಯವ್ರು ಅಂತಾರೆ, "ತಾನಾಗೇ ಆಗಲ್ಲ, ನೀನೇ ಆಗ್ಸ್ತೀಯ" ಅಂತ. ಅನ್ಲಿ ಬಿಡ್ರಿ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನಾನು. ಈಗ ದುರ್ಗದಿಂದ ಆಚೆ, ಹಿರಿಯೂರು ರೋಡಲ್ಲಿರೋ ಒಂದು ಗಾರ್ಮೆಂಟ್ಸಲ್ಲಿ ದಾರ ಕತ್ರಿಸೋ ಕೆಲ್ಸ. ಹೊಲಿದು ಬಂದ ಶರ್ಟಲ್ಲಿ ಜೋತಾಡ್ತಿರೋ ದಾರಾನೆಲ್ಲ ಕಚಕಚ ಅಂತ ಕತ್ರಿಸಿ ಹಾಕದು. ಕೈಗೆ ಕೆಲ್ಸ, ಬಾಯಿ ಖಾಲಿ. ಅದ್ಕೇ ನಮ್ಮ ಲೈನಲ್ಲಿ ಮೂವತ್ತು ಜನ ಹೆಂಗಸ್ರ ಸುದ್ದೀನೂ ನನ್ನ ಹತ್ರ ಐತೆ.

ಬಾಗ್ಲು ಯಾವ ಕಡೆಗೈತೆ

ಒಂದಿನ ಆಫೀಸ್ನೋರು ಬಂದು, "ಕೆಲ್ಸ ಮಾಡೋರಿಗೆ ಒತ್ತಡ ಜಾಸ್ತಿ ಆಗೈತೆ, ಅದನ್ನ ಕಮ್ಮಿ ಮಾಡಾಕೆ ಶನಿವಾರ ಶನಿವಾರ ಒಬ್ರು ಮೇಡಮ್ಮು ಬರ್ತಾರೆ" ಅಂದ್ರು. ಬಂದ್ರು. ತೆಳ್ಳಗೆ, ಕಾಟನ್ ಸೀರೆ, ಕೈಯಲ್ಲೊಂದು ಮೈಕು. "ನಾನು ಸಾಮಾಜಿಕ ಮನಃಶಾಸ್ತ್ರ ಓದಿದೀನಿ" ಅಂದ್ರು. ಅದೇ ಟೈಮಿಗೆ ಮೈಕು ಕುಯ್ಯೋ ಅಂತು. ನಮಗೆಲ್ಲ ಕೇಳ್ಸಿದ್ದು ಮನೆ ಶಾಸ್ತ್ರ.

ತಾಳ್ಯದಿಂದ ಬರೋ ಇಸ್ತ್ರಿ ಅಕ್ಕ ತಕ್ಷಣ ಎದ್ದು ನಿಂತ್ಲು. "ಮೇಡಂ, ನಮ್ಮನೆ ಬಾಗ್ಲು ದಕ್ಷಿಣಕ್ಕೈತೆ. ಅದ್ಕೇನಾ ನಂಗೆ ದಿನಾ ತಲೆನೋವು?"

ಮೇಡಮ್ಮು ನಕ್ಕು, "ಬಾಗ್ಲಲ್ಲಮ್ಮ, ಜನ. ಸುತ್ತಲ ಜನ ನಮ್ಮ ಮನಸ್ಸಿಗೆ ಏನ್ ಮಾಡ್ತಾರೆ, ಅವರಿಂದ ನಾವು ಹೆಂಗೆ ಕುಗ್ತೀವಿ, ಹೆಂಗೆ ಚೇತರಿಸ್ಕಂತೀವಿ, ಅದ್ರ ಶಾಸ್ತ್ರ" ಅಂದ್ರು.

"ಹಂಗಾದ್ರೆ ನಾನೂ ಅದನ್ನೇ ಓದಿರೋದು" ಅಂದೆ ನಾನು.

ಆಮೇಲೆ ಮೇಡಮ್ಮು ಕೇಳಿದ್ರು, "ಯಾರ್ಯಾರಿಗೆ ಕೆಲ್ಸದಲ್ಲಿ ಸ್ಟ್ರೆಸ್ ಐತೆ, ಕೈ ಎತ್ರಿ." ಒಂದು ಕೈಯೂ ಮೇಲೇಳಲಿಲ್ಲ. ಏಳೋದೆಂಗೆ? ಹಿಂದ್ಗಡೆ ಬಾಗ್ಲಲ್ಲಿ ನಮ್ಮ ಸೂಪರ್‌ವೈಸರ್ರು ಕೈ ಕಟ್ಕಂಡು ನಿಂತವ್ರೆ. ಕೊರಳಲ್ಲಿ ಕೆಂಪು ದಾರದ ಸ್ಟಾಪ್ ವಾಚು. ನಾವು ಉಚ್ಚೆ ಹೊಯ್ಯಕ್ಕೆ ಹೋದ್ರೂ ಆ ವಾಚು ಒತ್ತೋ ಮನುಷ್ಯ ಅದು.

"ಯಾರಿಗೂ ಇಲ್ವಾ? ಸಂತೋಷ" ಅಂದ್ರು ಮೇಡಮ್ಮು.

ನಂಗೆ ತಡಿಯಕ್ಕಾಗ್ಲಿಲ್ಲ. "ಐತೆ ಮೇಡಂ. ಬಾಗ್ಲಲ್ಲೇ ನಿಂತೈತೆ. ಒಸಿ ಆಚೆ ಕಳ್ಸಿದ್ರೆ ಎಲ್ರೂ ಕೈ ಎತ್ತೀವಿ."

ಎಲ್ಲ ಕಿಸಕ್ ಅಂದ್ರು. ತಾಳ್ಯದ ಅಕ್ಕ ಮಾತ್ರ ನಗ್ಲಿಲ್ಲ. "ನೋಡಿದ್ರಾ? ದೋಷ ಬಾಗ್ಲಲ್ಲೇ ಐತೆ ಅಂತ ನಾನು ಮೊದ್ಲೇ ಬಡ್ಕಂಡೆ."

ಪಕ್ಕದ ಮನೆ ಸೊಸೆ

ಈಗ ಪಕ್ಕದ ಮನೆ ಸೊಸೆ ವಿಷ್ಯ ಹೇಳ್ಬೇಕು. ಚಂದ್ರವಳ್ಳಿ ಕಡೆ ಹೋಗೋ ರೋಡಲ್ಲಿ ನಮ್ಮನೆ, ಅವ್ರ ಮನೆ ಮಧ್ಯೆ ಎದೆಮಟ್ಟದ ಒಂದು ಗೋಡೆ ಅಷ್ಟೇ. ಹುಡುಗಿ ಬಾಗೂರು ಕಡೇದು. ಕೈ ಅಂದ್ರೆ ಕೈ ಕಣ್ರಿ, ಅನ್ನಕ್ಕಿಟ್ಟು ಕುಂತ್ರೆ ಕುಕ್ಕರ್ ಕೂಗೋದ್ರೊಳಗೆ ಬ್ಲೌಸಿಗೆ ತೋಳು ಕೂರಿಸ್ತಾಳೆ. ಆದ್ರೆ ಅವಳ ಅತ್ತೆ, "ನಮ್ಮ ಸೊಸೆ ಹೊರಗೆ ದುಡ್ಯಾಕೆ ಹೋಗೋದಾ? ಅವಳ ಕೈಲಿ ಎಲ್ಲಿ ಆಗ್ತೈತೆ" ಅಂತ ವರ್ಷಗಟ್ಲೆ ತಡೆದಿದ್ಲು. ನಾನೇ ಗೋಡೆ ಮೇಲಿಂದ ವಾದ ಮಾಡಿ ಮಾಡಿ, ಕೊನೆಗೆ ಒಪ್ಸಿ, ನಮ್ಮ ಗಾರ್ಮೆಂಟ್ಸಿಗೆ ಸೇರಿಸ್ದೆ. ಬಸ್ಸಲ್ಲಿ ಕಿಟಕಿ ಪಕ್ಕ ಕುಂತ್ಕಂಡು ಆ ಹುಡುಗಿ ನಕ್ಕಿದ್ದು ನೋಡ್ಬೇಕಿತ್ತು ನೀವು.

ಅಲ್ಲಿಗೆ ಬಂದ್ಮೇಲೆ ಸುರು ಆಯ್ತು ನೋಡ್ರಿ. ಒಬ್ಳೇ ಇದ್ರೆ ಕಾಲರ್ ಹೂವಿನಂಗೆ ಹೊಲೀತಾಳೆ. ಸೂಪರ್‌ವೈಸರ್ರು ಹಿಂದೆ ಬಂದು ವಾಚು ಹಿಡಿದ್ರು ಅಂದ್ರೆ ಟಕ್ ಅಂತ ಸೂಜಿ ಮುರೀತು. ಒಂದು ವಾರದಲ್ಲಿ ಎಷ್ಟು ಸೂಜಿ ಮುರಿದ್ಲು ಅಂದ್ರೆ, ಮಿಷನ್ ರಿಪೇರಿ ಮಾಡೋನು ಅವಳ ಪಕ್ಕಾನೇ ಸ್ಟೂಲ್ ಹಾಕ್ಕಂಡ.

ಕೊನೆಗೆ ಸೂಪರ್‌ವೈಸರ್ರು ಎಲ್ರ ಮುಂದೆ ಅಂದ್ರು, "ಒಂದು ತಿಂಗಳು ಟೈಮು. ನನ್ನ ಎದುರಿಗೆ ಎರಡು ನಿಮಿಷಕ್ಕೆ ಒಂದು ಕಾಲರ್ ಹೊಲೀಬೇಕು. ಇಲ್ಲಾಂದ್ರೆ ಮನೆಗೆ ನಡಿ."

ಬಸ್ಸಲ್ಲಿ ಹುಡುಗಿ ಅಳ್ತಾ, "ಅಕ್ಕ, ಈಗ ಮನೇಲಿ ಕುಂತ್ರೆ ಇನ್ನ ಯಾವತ್ತೂ ಆಚೆ ಬಿಡಲ್ಲ ನನ್ನ" ಅಂದ್ಲು.

"ಸುಮ್ನಿರೇ" ಅಂದೆ. "ನೀನು ಫೇಲಾದ್ರೆ ನಿಮ್ಮತ್ತೆ ಗೋಡೆ ಮೇಲೆ ಗಲ್ಲ ಇಟ್ಕಂಡು ನನ್ನ ನೋಡಿ ನಗ್ತಾಳೆ. ಅದನ್ನ ನೋಡ್ಕಂಡು ನಾನು ಬದುಕ್ಬೇಕಾ? ಮಾಡಾಣ ಏನಾರ."

ನಂಬಿಕಸ್ತರನ್ನ ಆರಿಸ್ಕಳ್ರಿ

ಮುಂದಿನ ಶನಿವಾರ ಮೇಡಮ್ಮು ಅಂದ್ರು, "ಕಷ್ಟ ಒಬ್ರೇ ಇಟ್ಕಂಡ್ರೆ ಭಾರ, ಹೇಳ್ಕಂಡ್ರೆ ಹಗುರ. ಎಲ್ರೂ ನೀವು ನಂಬೋ ಒಬ್ಬರ ಪಕ್ಕ ಹೋಗಿ ಕುಂತ್ಕಳ್ರಿ."

ಎಲ್ಲ ಎದ್ರು, ಅಡ್ಡಾಡಿದ್ರು, ಜೋಡಿ ಜೋಡಿ ಕುಂತ್ರು. ನನ್ನ ಪಕ್ಕ ಒಬ್ಬಳೂ ಬರ್ಲಿಲ್ಲ. ನಾನು ಹೊಳಲ್ಕೆರೆ ಹುಡುಗಿ ಹತ್ರ ಹೋದೆ. ಅವ್ಳು ಬ್ಯಾಗು ತಗಂಡು ಪಕ್ಕದ ಕುರ್ಚಿ ಮೇಲಿಟ್ಲು. "ಇಲ್ಲಿ ಯಾರೋ ಬರ್ತಾರಕ್ಕ."

ಮೇಡಮ್ಮಿಗೇ ಪಾಪ ಅನ್ನಿಸ್ತು. ಮಾತು ತಿರುಗ್ಸಿ, "ಸರಿ, ಒಂದು ವಿಷ್ಯ ಸಂಜೆಯೊಳಗೆ ಎಲ್ರಿಗೂ ಮುಟ್ಟಬೇಕು ಅಂದ್ರೆ ಯಾರಿಗೆ ಹೇಳ್ತೀರ?" ಅಂದ್ರು.

ಮೂವತ್ತು ಬೆರಳೂ ನನ್ನ ಕಡೆ ತಿರುಗಿದ್ವು. ಮೇಡಮ್ಮು ಪುಸ್ತಕದಲ್ಲಿ ಏನೋ ಬರ್ಕಂಡ್ರು. ಮೂವತ್ತು ಅಂದ್ನಲ್ಲ, ಅದ್ರಲ್ಲಿ ಒಂದು ಬೆರಳು ಸೂಪರ್‌ವೈಸರ್‌ದು.

ಲೇ ಅಂದ್ರೆ ಯಾರು?

ನಮ್ಮ ಸೂಪರ್‌ವೈಸರ್‌ಗೆ ಯಾರ ಹೆಸರೂ ಗೊತ್ತಿರ್ಲಿಲ್ಲ. ಎಲ್ರಿಗೂ ಒಂದೇ ಹೆಸ್ರು, "ಲೇ". ಅವರಮ್ಮನ ವಯಸ್ಸಿನ ಇಸ್ತ್ರಿ ಅಕ್ಕಂಗೂ "ಲೇ, ಬಾರೆ ಇಲ್ಲಿ". ದುರ್ಗದಲ್ಲಿ ಬಸ್ ಕಂಡಕ್ಟರು ಕೂಡ "ಹತ್ರಿ, ಕುಂತ್ಕಳ್ರಿ" ಅಂತಾನೆ. ಈ ಮನುಷ್ಯನ ಬಾಯಲ್ಲಿ "ರಿ" ಹುಟ್ಟೇ ಇರ್ಲಿಲ್ಲ.

ಮೇಡಮ್ಮು ಹೇಳಿದ್ರು, "ಒಬ್ರೇ ಎದುರಾಡಿದ್ರೆ ಜಗಳಗಂಟಿ ಅಂತಾರೆ. ಎಲ್ರೂ ಒಂದೇ ತರ ನಡ್ಕಂಡ್ರೆ ಅದು ಪದ್ಧತಿ ಆಗ್ತದೆ."

ಇಷ್ಟು ಸಾಕಲ್ಲ ನಂಗೆ. ಸಂಜೆ ಬಸ್ಸು ಫ್ಯಾಕ್ಟ್ರಿ ಗೇಟಿಂದ ದುರ್ಗಕ್ಕೆ ಬರೋದ್ರೊಳಗೆ ಮೂವತ್ತು ಕಿವಿಗೂ ಹಾಕ್ದೆ.

ಬೆಳಗ್ಗೆ ಸೂಪರ್‌ವೈಸರ್ರು ಕೂಗಿದ್ರು, "ಲೇ, ಬಾರೆ ಇಲ್ಲಿ!"

ಲೈನಿನ ಮಿಷನ್ನೆಲ್ಲ ಒಟ್ಟಿಗೆ ನಿಂತ್ವು. ಮೂವತ್ತೂ ಜನ ಎದ್ದು ಹೋಗಿ ಅವ್ರ ಸುತ್ತ ನಿಂತ್ವಿ. ಕ್ಯಾಂಟೀನಲ್ಲಿ ಪಾತ್ರೆ ತೊಳಿಯೋಳೂ ಕೈ ಒರೆಸ್ಕಂತಾ ಬಂದ್ಲು.

"ಏನ್ರೇ ಇದು? ಎಲ್ರೂ ಯಾಕ್ರೇ ಬಂದಿದ್ದು?"

"ಲೇ ಅಂದ್ರಲ್ಲ ಸಾ" ಅಂದೆ. "ಯಾವ ಲೇ ಅಂತ ಗೊತ್ತಾಗ್ಲಿಲ್ಲ. ಬರ್ದೇ ಇದ್ದು ಬೈಸ್ಕಳಾದ್ಯಾಕೆ ಅಂತ ಎಲ್ಲ ಬಂದ್ವಿ."

ಮೂರು ಸಲ ಹಿಂಗೇ ಆಯ್ತು. ನಾಲ್ಕನೇ ಸಲಕ್ಕೆ ಅವ್ರು ಕೈಯಲ್ಲಿ ಹಾಜರಿ ಪುಸ್ತಕ ಹಿಡ್ಕಂಡು, ಹೊಸ ಮೇಷ್ಟ್ರಂಗೆ ನಮ್ಮ ಹೆಸ್ರು ಬಾಯಿಪಾಠ ಮಾಡ್ತಿದ್ರು.

ಅತ್ತೆ ಕೊಟ್ಟ ಟ್ರೈನಿಂಗು

ಹೆಸ್ರು ಹಿಡಿದು ಕರೆದ್ರೂ ವಾಚು ವಾಚೇ. ಹುಡುಗಿ ಸೂಜಿ ಮುರಿಯೋದು ನಿಲ್ಲಲಿಲ್ಲ. ನಾನು ಮೇಡಮ್ಮನ್ನ ಕ್ಯಾಂಟೀನ್ ಹತ್ರ ಹಿಡ್ಕಂಡು ಕೇಳ್ದೆ.

"ಚೆನ್ನಾಗಿ ರೂಢಿ ಆಗಿರೋ ಕೆಲ್ಸಕ್ಕೆ ನೋಡೋರಿದ್ರೆ ಕೈ ಚುರುಕಾಗ್ತದೆ" ಅಂದ್ರು ಅವ್ರು. "ಇನ್ನೂ ರೂಢಿ ಆಗದೇ ಇರೋ ಕೆಲ್ಸಕ್ಕೆ ನೋಡೋರಿದ್ರೆ ಕೈ ಕಟ್ಟಾಕ್ದಂಗೆ ಆಗ್ತದೆ. ಯಾರನ್ನಾರ ಹಿಂದೆ ನಿಲ್ಲಿಸ್ಕಂಡು ದಿನಾ ಹೊಲೀಲಿ. ಕಾಲರ್ರೂ ರೂಢಿ ಆಗ್ಲಿ, ನೋಡೋರೂ ರೂಢಿ ಆಗ್ಲಿ."

ಮೊದ್ಲು ನಾನೇ ನಿಂತೆ. ಆಗ್ಲಿಲ್ಲ. ನಾನು ಬಾಯಿ ಬಿಟ್ರೆ ಹುಡುಗಿಗೆ ನಗು. ಹೆದರ್ಸೋರು ಬೇಕಿತ್ತು, ತಪ್ಪು ಹುಡುಕೋರು ಬೇಕಿತ್ತು, ನಿಂತ ಜಾಗ ಬಿಟ್ಟು ಕದಲದೋರು ಬೇಕಿತ್ತು. ಅಂಥೋರು ಗೋಡೆ ಆಚೇನೇ ಇದ್ರಲ್ಲ!

"ಏನಮ್ಮ" ಅಂದೆ ಅವಳತ್ತೆಗೆ, "ನಿನ್ನ ಸೊಸೆ ಸಂಜೆ ಹೊಲಿಯೋವಾಗ ಹಿಂದೆ ನಿಂತ್ಕಂಡು ಒಸಿ ತಪ್ಪು ಹಿಡೀಬೇಕಂತೆ. ಫ್ಯಾಕ್ಟ್ರಿ ಮೇಡಮ್ಮೇ ಹೇಳವ್ರೆ. ನಿನಗೆ ತೊಂದ್ರೆ ಇಲ್ಲ ತಾನೆ?"

ಅವಳ ಮುಖ ಹೊಸ ಬಲ್ಬಿನಂಗೆ ಹತ್ಕಂತು. "ಎಷ್ಟೊತ್ತು ನಿಲ್ಬೇಕು?"

ಹೊಲಿಯೋಕೆ ನಮ್ಮನೆಯವ್ರ ಹಳೇ ಶರ್ಟಿನ ಕಾಲರ್ರೆಲ್ಲ ಬಿಚ್ಚಿ ಕೊಟ್ಟೆ. ಕಾಲರ್ ಇಲ್ಲದ ಶರ್ಟು ಹಾಕ್ಕಂಡು ಇವ್ರು ಸಂತೆಗೆ ಹೋದ್ರೆ, "ಯಾವ ಮಠ ಸೇರ್ಕಂಡ್ರಿ?" ಅಂತ ಕೇಳಿದ್ರಂತೆ.

ಮೊದಲ್ನೇ ದಿನ ಮೂರು ಸೂಜಿ ಹೋಯ್ತು. ಎರಡನೇ ದಿನ ಎರಡು. ಅತ್ತೆ ಬಾಯಿ ನಿಲ್ಲಲಿಲ್ಲ, "ಅದೇನು ಕಾಲರ್ರಾ, ನಾಯಿ ನಾಲ್ಗೆನಾ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ?" ಆರನೇ ದಿನ ಗೋಡೆ ಮೇಲಿಂದ ಇಣುಕ್ದೆ. ಅತ್ತೆ ಬೈತಾ ಅವ್ಳೆ, ಸೊಸೆ ಜಗಲೀಲಿ ಮಿಷನ್ ತುಳೀತಾ ಹಾಡು ಗುನುಗ್ತಾ ಅವ್ಳೆ. ತಲೆ ಎತ್ತದೇ ಅಂದ್ಲು, "ಅತ್ತೆ, ಒಸಿ ಆಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರ."

ಹತ್ತನೇ ದಿನಕ್ಕೆ ಅತ್ತೆಗೆ ಬೈಗುಳ ಮುಗಿದೋಯ್ತು. ಕಾಲ್ನೋವು ಅಂತ ಕುಂತು, ಕಾಲರ್ ಒಂದನ್ನ ಕೈಗೆ ತಗಂಡು ಆಕಡೆ ಈಕಡೆ ತಿರುಗ್ಸಿ ನೋಡಿದ್ಲು. "ಚೆನ್ನಾಗೇ ಬಂದೈತಲ್ಲೇ" ಅಂದ್ಲು ಮೆಲ್ಲಗೆ. ಆಮೇಲೆ ನಾನು ಗೋಡೆ ಮೇಲಿರೋದು ನೋಡಿ ಜೋರಾಗಿ, "ಕಲಿಸಿದ್ದು ನಾನು!"

ಟೆಸ್ಟು

ತಿಂಗಳು ತುಂಬಿದ ದಿನ ಶನಿವಾರ. ಮೇಡಮ್ಮೂ ಇದ್ರು, ಆಫೀಸಿನ ದೊಡ್ಡ ಸಾಹೇಬ್ರೂ ಬಂದಿದ್ರು. ಹುಡುಗಿ ಮಿಷನ್ನಿಗೆ ಕುಂತ್ಲು. ಸೂಪರ್‌ವೈಸರ್ರು ಹಿಂದೆ ನಿಂತು ವಾಚು ಒತ್ತಿದ್ರು. ಕೆಮ್ಮಿದ್ರು. ಚ್ಚ್ ಚ್ಚ್ ಅಂದ್ರು. ರಿಪೇರಿಯೋನು ಸೂಜಿ ಡಬ್ಬಿ ತೆಗೆದಿಟ್ಕಂಡ. ನಾನು ಕತ್ರಿ ಹಿಡ್ಕಂಡೇ ಹತ್ರ ಹೋಗಿ ನಿಂತೆ.

ಹುಡುಗಿ ತಲೆ ಎತ್ತದೇ ಅಂದ್ಲು, "ಸಾ, ಒಸಿ ಆಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರ."

ಸಾಹೇಬ್ರ ಮುಂದೆ ಸರೀಲೇಬೇಕಾಯ್ತು. ಸರಿದು ನಿಲ್ಲೋದ್ರೊಳಗೆ ಕಾಲರ್ ಮುಗಿದಿತ್ತು. ಎರಡು ನಿಮಿಷ ಆಗಿರ್ಲಿಲ್ಲ. ಇಡೀ ಲೈನು ಚಪ್ಪಾಳೆ. ಸೂಜಿ ಡಬ್ಬಿ ಮುಚ್ಕಂತು.

ಸೂಪರ್‌ವೈಸರ್ರು ಮುಖ ಸಣ್ಣಗೆ ಮಾಡ್ಕಂಡು, "ಇದೇನು ಮಹಾ? ಯಾರ್ ಬೇಕಾದ್ರೂ ಹೊಲೀತಾರೆ" ಅಂದ್ರು.

"ಹೌದಾ?" ಅಂದ್ರು ಮೇಡಮ್ಮು. "ಹಂಗಾದ್ರೆ ನೀವೇ ಒಂದು ಹೊಲೀರಿ ಸಾರ್."

ಸಾಹೇಬ್ರು ಕುರ್ಚಿ ತೋರ್ಸಿದ್ರು. ತಪ್ಪಿಸ್ಕಳಂಗಿಲ್ಲ, ಕುಂತ್ರು. ಹುಡುಗಿ ಅವ್ರ ಕೊರಳಿಂದ ವಾಚು ತಗಂಡು ಒತ್ತಿದ್ಲು. ನಾವು ಮೂವತ್ತು ಜನ ಸದ್ದಿಲ್ದಂಗೆ ಹೋಗಿ ಅವ್ರ ಹಿಂದೆ ನಿಂತ್ವಿ. ಯಾರೂ ಬೈಲಿಲ್ಲ. ತಾಳ್ಯದ ಅಕ್ಕ ಒಂದೇ ಒಂದು ಸಲ ಚ್ಚ್ ಅಂದ್ಲು.

ಅಷ್ಟೇ. ಪೆಡಲ್ ಒತ್ತಿದ್ದೇ ಒತ್ತಿದ್ದು, ಮಿಷನ್ನು ಡರ್ರ್ ಅಂತ ಹೋಗಿ, ಕಾಲರ್ ಜೊತೆಗೆ ಅವ್ರ ಸ್ವಂತ ಶರ್ಟಿನ ತೋಳೂ ಸೇರಿ ಹೊಲಿಗೆ ಬಿತ್ತು. ಎಳೀತಾರೆ, ಬರಲ್ಲ. ಗಾಬ್ರೀಲಿ ಹಳೇ ಬಾಯಿ ವಾಪಸ್ ಬಂತು, "ಲೇ! ಕತ್ರಿ ತಗಂಬಾರೆ!"

ಯಾರೂ ಕದಲಲಿಲ್ಲ.

"ಯಾವ ಲೇ ಸಾ?" ಅಂದೆ, ಕತ್ರಿ ಬೆನ್ನ ಹಿಂದೆ ಇಟ್ಕಂಡು.

ಸಾಹೇಬ್ರ ಮುಖ ನೋಡಿದ್ರು, ಮೇಡಮ್ಮಿನ ಮುಖ ನೋಡಿದ್ರು, ಮಿಷನ್ನಿಗೆ ಅಂಟ್ಕಂಡಿರೋ ತಮ್ಮ ತೋಳು ನೋಡಿದ್ರು. ಆಮೇಲೆ ಆ ಬಾಯಲ್ಲಿ ಮೊದಲ್ನೇ ಸಲ ಹುಟ್ಟಿತು ನೋಡ್ರಿ, "ಅಕ್ಕೋರೆ... ಒಸಿ ಕತ್ರಿ ಕೊಡ್ರೀ."

ಆ "ರೀ" ಎಷ್ಟು ಉದ್ದ ಇತ್ತು ಅಂದ್ರೆ, ಅಷ್ಟು ದಿನದ್ದೆಲ್ಲ ಬಡ್ಡಿ ಸೇರಿಸಿ ಕೊಟ್ಟಂಗಿತ್ತು. ನಾನು ಹೋಗಿ ಕಚಕ್ ಅಂತ ದಾರ ಕತ್ರಿಸಿ ಬಿಡಿಸ್ದೆ.

ಹುಡುಗಿ ವಾಚು ನಿಲ್ಸಿ, ಕಣ್ಣ ಹತ್ರ ಹಿಡಿದು ನೋಡಿ, ತಲೆ ಅಲ್ಲಾಡ್ಸಿದ್ಲು.

"ಫೇಲು ಸಾ. ಹೋಗ್ಲಿ, ಒಂದು ತಿಂಗಳು ಟೈಮ್ ಕೊಡ್ತೀವಿ. ಸಂಜೆ ನಮ್ಮನೆಗೆ ಬರ್ರಿ, ನಮ್ಮತ್ತೆ ಖಾಲಿ ಅವ್ರೆ."