ಮುಟ್ಟಿ ನೋಡಿ ತಂದ ಧಾರೆ ಸೀರೆ

ಯೋಜನೆಯಿಲ್ಲದೆ ನಾನು ಒಂದು ಲೋಟ ನೀರನ್ನೂ ಕುಡಿಯುವವಳಲ್ಲ. ಎಲ್ಲಕ್ಕೂ ದಿನಚರಿಯಲ್ಲಿ ವಾರ, ವೇಳೆ, ಫಲಿತಾಂಶ ಬರೆದಿಡುತ್ತೇನೆ. ಅಂಥವಳಿಗೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿ ಒಂದು ಸೀರೆ ತರುವುದು ಯಾವ ಮಹಾ ಕೆಲಸ? ಹೋಗುವುದು, ಮುಟ್ಟಿ ನೋಡುವುದು, ತರುವುದು. ಅಷ್ಟೇ!

ತೊಂದರೆ ಇದ್ದದ್ದು ಆ ‘ಮುಟ್ಟಿ ನೋಡುವುದು’ ಎಂಬಲ್ಲಿ.

ಕಳೆದ ವರ್ಷ ನನಗೆ ಕ್ಯಾನ್ಸರ್ ಬಂದಿತ್ತು. ಕಿಮೋ ಕೊಟ್ಟರು, ಹೋಯಿತು. ಆದರೆ ಆ ಔಷಧಿ ಹೋಗುವ ದಾರಿಯಲ್ಲಿ ನನ್ನ ಕೈಬೆರಳು ಮತ್ತು ಪಾದಗಳ ನರಗಳನ್ನೂ ಒಂದು ಕೈ ನೋಡಿಕೊಂಡಿತ್ತು. ಈಗ ಹಗಲಿರುಳು ದಪ್ಪ ಕಾಲುಚೀಲ ಹಾಕಿಕೊಂಡು ನಡೆಯುವ ಹಾಗೆ. ಕೈಯಲ್ಲಿ ಲೋಟ ಇದೆಯೋ ಇಲ್ಲವೋ ಎಂಬುದು ನನಗೆ ಅದು ನೆಲಕ್ಕೆ ಬಿದ್ದ ಶಬ್ದದಿಂದ ತಿಳಿಯುತ್ತದೆ. ‘ನರಗಳು ನಿಧಾನಕ್ಕೆ ಸರಿಹೋಗಬಹುದು, ಹೋಗದೆಯೂ ಇರಬಹುದು. ಅಲ್ಲಿಯವರೆಗೆ ನಿಮ್ಮ ಕಾಲಿನ ಕೆಲಸವನ್ನು ಕಣ್ಣು ಮಾಡಬೇಕು’ ಎಂದರು ಡಾಕ್ಟರು.

ಕಣ್ಣಿಗಿಂತ ಮೊದಲು ಆ ಕೆಲಸವನ್ನು ಅವ್ವ ವಹಿಸಿಕೊಂಡಳು. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಅವಳ ಪಹರೆ.

“ಬಿದ್ಯೇನೇ?”

“ಇಲ್ಲವ್ವ.”

“ಮತ್ತೆ ಏನದು ಶಬ್ದ?”

“ಚೊಂಬು.”

“ಚೊಂಬ್ಯಾಕೆ ಬಿತ್ತು?”

ಇದಕ್ಕೆ ವೈದ್ಯಶಾಸ್ತ್ರದಲ್ಲೂ ಉತ್ತರವಿಲ್ಲ. ಕಾಲಿನಿಂದ ಜಾರದಿರಲೆಂದು ನನಗೆ ಬೆಲ್ಟಿನ ಚಪ್ಪಲಿ ತಂದಳು. ನಾನು ಮುಖ ಸಿಂಡರಿಸಿದ್ದಕ್ಕೆ, ನನಗೊಂದು ಜೊತೆಯಿರಲಿ ಎಂದು ತಾನೂ ಅಂಥದ್ದೇ ಒಂದು ತಂದುಕೊಂಡಳು!

ಇತ್ತ ಶೇಂಗಾ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ನನ್ನ ಕುರ್ಚಿ ಖಾಲಿಯಿತ್ತು. “ಸೋಮವಾರ ಬಾರಮ್ಮ, ಬರಲ್ಲ ಅಂದ್ರೆ ಬೇರೆಯೋರನ್ನ ಹಾಕ್ಕೊಂತೀನಿ” ಎಂದು ಸಾಹುಕಾರರು ಫೋನು ಮಾಡಿದ್ದರು. ಕಂಪ್ಯೂಟರಿನ ಕೀಲಿಮಣೆಯನ್ನು ನೋಡಿಕೊಂಡೇ ಒತ್ತಬಲ್ಲೆ. ಆದರೆ ಒಬ್ಬಳನ್ನೇ ಕಳಿಸಲು ಅವ್ವ ತಯಾರಿಲ್ಲ. ಮೂರು ದಿನ ವಾದ ಮಾಡಿದ ಮೇಲೆ ತೀರ್ಪು ಬಂತು.

“ಹಂಗಾದ್ರೆ ಒಬ್ಬಳೇ ಮೊಳಕಾಲ್ಮೂರಿಗೆ ಹೋಗಿ ನಿಮ್ಮಣ್ಣನ ಮದುವೆ ಧಾರೆ ಸೀರೆ ತಗಂಬಾ. ಸೀರೆನೂ ಸರಿಯಾಗಿರ್ಬೇಕು, ನೀನೂ ಸರಿಯಾಗಿರ್ಬೇಕು. ಆಮೇಲೆ ಮಿಲ್ಲಿಗೆ ಹೋಗ್ತೀಯಾ, ಚಂದ್ರಲೋಕಕ್ಕೆ ಹೋಗ್ತೀಯಾ, ನಾನು ಕೇಳಲ್ಲ.”

“ಆಯ್ತು!” ಎಂದೆ.

“ಮುಟ್ಟಿ ನೋಡಿ ತರ್ಬೇಕು.”

ಇದು ನಮ್ಮ ಮನೆಯ ಪದ್ಧತಿ. ಸೊಸೆಯಾಗುವವಳಿಗೆ ಕೊಡುವ ಧಾರೆ ಸೀರೆಯ ಮೇಲೆ ಮನೆಯ ಹೆಂಗಸೊಬ್ಬಳು ಕೈಯಾಡಿಸಿ, ‘ಇದು ಅಪ್ಪಟ ರೇಷ್ಮೆ’ ಎಂದು ಒಪ್ಪಿದ ಮೇಲೆಯೇ ಅದು ಮಗ್ಗದ ಮನೆಯಿಂದ ಹೊರಡಬೇಕು. ಇಡೀ ಮನೆಯಲ್ಲಿ ಕೈ ಸತ್ತವಳು ನಾನೊಬ್ಬಳೇ. ನನ್ನನ್ನೇ ಕಳಿಸಿದಳು!

ಮಂಗಳವಾರ ಬೆಳಿಗ್ಗೆ ಹೊರಟೆ. ದಿಗ್ವಿಜಯಕ್ಕೆ ಹೊರಟವಳು ಬೆಲ್ಟಿನ ಚಪ್ಪಲಿ ಹಾಕಿಕೊಳ್ಳುತ್ತಾಳೆಯೇ? ಅವ್ವ ಒಳಗಿದ್ದಾಗ ನನ್ನ ಹಳೆಯ ನೀಲಿ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಬಸ್ಸು ಹತ್ತಿ, ಕಿಟಕಿಯ ಪಕ್ಕ ಗಂಭೀರವಾಗಿ ಕುಳಿತೆ.

“ಅಕ್ಕಾ, ಕೆಳಗೆ ಬಿದ್ದಿರೋದು ನಿಮ್ದೇನಾ?” ಎಂದ ಕಂಡಕ್ಟರ್.

ಕಿಟಕಿಯಿಂದ ಇಣುಕಿದೆ. ನಿಲ್ದಾಣದ ಮಣ್ಣಿನಲ್ಲಿ ನನ್ನ ಒಂದು ಚಪ್ಪಲಿ ಅನಾಥವಾಗಿ ಕುಳಿತಿತ್ತು. ನಾನು ಒಂದೇ ಚಪ್ಪಲಿಯಲ್ಲಿ ಬಸ್ಸು ಹತ್ತಿದ್ದೆ! ಅರ್ಧ ಬಸ್ಸು ನಕ್ಕಿತು. ಇಳಿದು ಹಾಕಿಕೊಂಡು ಬಂದೆ. ದಿನಚರಿ ತೆಗೆದು ಬರೆದೆ: ನರಗಳು ಒಂದು, ನಾನು ಸೊನ್ನೆ.

ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಲಕ್ಷ್ಮೀದೇವಮ್ಮ ಅವ್ವನ ಹಳೆಯ ಪರಿಚಯ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋದೆ. ಆಕೆ ಚಾಪೆ ಹಾಸಿ, ಒಂದೇ ಬಣ್ಣದ ಎರಡು ಸೀರೆ ತಂದಿಟ್ಟರು. ಒಂದು ನಮ್ಮದು. ಇನ್ನೊಂದು ಬೇರೆಯವರಿಗೆಂದು ನೇಯ್ದ, ಅರೆ ರೇಷ್ಮೆಯದು.

“ನಿಮ್ಮವ್ವ ಕಣ್ಣು ಮುಚ್ಚಿ ಕೈಯಾಡಿಸಿ ತನ್ನ ಸೀರೆ ಎತ್ಕೊಂತಾಳೆ. ನೀನೂ ಎತ್ಕೋ ಅಮ್ಮಾಯಿ, ನೋಡಾನ” ಎಂದರು.

ನನ್ನ ಬೆರಳಿನ ವಿಷಯ ಹೇಳಬಹುದಿತ್ತು. ಹೇಳಲಿಲ್ಲ. ಅವ್ವನಂತೆಯೇ ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ಓರೆ ಮಾಡಿ, ಕೈಯಾಡಿಸಿದೆ. “ಆಹಾ! ಎಂಥಾ ನುಣುಪು! ಇದೇ ಅಪ್ಪಟ ರೇಷ್ಮೆ!” ಎಂದು ಘೋಷಿಸಿದೆ.

ಲಕ್ಷ್ಮೀದೇವಮ್ಮ ಬಗ್ಗಿ ನನ್ನ ಕೈ ಎಲ್ಲಿದೆಯೆಂದು ನೋಡಿದರು.

“ಅಮ್ಮಾಯಿ, ಅದು ಚಾಪೆ.”

ನರಗಳು ಎರಡು, ನಾನು ಸೊನ್ನೆ. ಆಗ ವಿಧಿಯಿಲ್ಲದೆ ಎಲ್ಲ ಹೇಳಿದೆ. ಕಿಮೋ, ಬೆರಳು, ಮಿಲ್ಲು, ಸೋಮವಾರ. “ಅಯ್ಯೋ ದೇವುಡಾ” ಎಂದು ಆಕೆ ನಮ್ಮ ಸೀರೆಯನ್ನು ತಾವೇ ತೋರಿಸಲು ಕೈ ಚಾಚಿದರು.

“ಬೇಡ್ರಿ!” ಎಂದೆ. ನನಗೂ ಇಷ್ಟು ಜೋರು ದನಿ ಇದೆಯೆಂದು ಗೊತ್ತಿರಲಿಲ್ಲ. ಕೈ ಸತ್ತಿರಬಹುದು, ಮುಖ ಸತ್ತಿಲ್ಲವಲ್ಲ! ಕಣ್ಣು ಮುಚ್ಚಿ ಮೊದಲ ಸೀರೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡೆ.

“ಸೀರೆಗೆ ಮುತ್ತು ಕೊಡ್ತೀಯೇನೇ? ಪೌಡರ್ ಹತ್ತೀತು!”

ಮೊದಲನೆಯದು ಸುಮ್ಮನೆ ಜಾರಿತು. ಎರಡನೆಯದು ಕೆನ್ನೆಗೆ ತಣ್ಣಗೆ ತಾಗಿ, ಅಲ್ಲೇ ನಿಂತು, ನಿಧಾನವಾಗಿ ಬೆಚ್ಚಗಾಯಿತು. ಬಟ್ಟೆಯೊಂದು ಹೀಗಿರುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ಕೊಂಚ ಹೊತ್ತು ಹಾಗೆಯೇ ಕುಳಿತಿದ್ದೆ. ಪೌಡರ್ ಅಲ್ಲ, ಕಣ್ಣೀರು ಹತ್ತುವ ಅಪಾಯ ಬಂದಾಗ ಸೀರೆ ಇಳಿಸಿದೆ.

“ಇದು!”

ಲಕ್ಷ್ಮೀದೇವಮ್ಮ ಸೆರಗಿನ ತುದಿಯ ಗುರುತು ನೋಡಿದರು. “ಇದೇ ಕಣಮ್ಮಾಯಿ!” ಎಂದು ನನ್ನ ಬೆನ್ನಿಗೆ ಗುದ್ದಿದರು. ಆ ಗುದ್ದೂ ಚೆನ್ನಾಗಿ ಗೊತ್ತಾಯಿತು. ಇದಕ್ಕೆ ಎಷ್ಟು ಅಂಕ ಎಂದು ಲೆಕ್ಕ ಹಾಕದೆ, ನಾನು ಗೆದ್ದೆ ಎಂದು ಬರೆದೆ.

ಸೀರೆಯ ದೊಡ್ಡ ಡಬ್ಬವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ಚಪ್ಪಲಿ ಮೆಟ್ಟಿ ಹೊರಟೆ. ಅಂದು ಮೊಳಕಾಲ್ಮೂರಿನ ರಸ್ತೆ ಬಲಗಡೆ ಯಾಕೋ ಎತ್ತರವಾಗಿತ್ತು. ಜನ ತಿರುಗಿ ತಿರುಗಿ ನೋಡಿದರು. ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಎದ್ದು ಸೀಟು ಬಿಟ್ಟುಕೊಟ್ಟಳು. ಗೆದ್ದವರ ಮುಖದಲ್ಲಿ ಒಂದು ಕಳೆ ಇರುತ್ತದೆ ಎಂದುಕೊಂಡೆ.

ಮನೆಯ ಬಾಗಿಲಲ್ಲೇ ಅವ್ವ ನಿಂತಿದ್ದಳು. ಸೀರೆ ಬಿಡಿಸಿ, ಕಣ್ಣು ಮುಚ್ಚಿ ಕೈಯಾಡಿಸಿದಳು. “ಅಪ್ಪಟ” ಎಂದಳು. ನನ್ನ ತಲೆ ನೋಡಿದಳು, ಕೈ ನೋಡಿದಳು. ಎಲ್ಲ ಸರಿಯಿತ್ತು. ಆಮೇಲೆ ಕೆಳಗೆ ನೋಡಿದಳು.

“ಸವೀ, ಅದ್ಯಾರ ಚಪ್ಪಲಿನೇ?”

ಎಡಗಾಲಲ್ಲಿ ನನ್ನ ನೀಲಿ ಚಪ್ಪಲಿ. ಬಲಗಾಲಲ್ಲಿ ದೋಣಿಯಷ್ಟು ದೊಡ್ಡ, ಎರಡು ಬೆರಳು ದಪ್ಪದ, ಗಂಡಸರ ಕರಿ ರಬ್ಬರ್ ಚಪ್ಪಲಿ!

ಅಷ್ಟರಲ್ಲಿ ಫೋನು ಬಂತು. ಲಕ್ಷ್ಮೀದೇವಮ್ಮ. “ಅಮ್ಮಾಯಿ, ನಮ್ಮ ಯಜಮಾನ್ರು ಒಂದು ಕಾಲಿಗೆ ನಿನ್ನ ನೀಲಿ ಚಪ್ಪಲಿ ಸಿಗಿಸ್ಕೊಂಡು ಟೀ ಅಂಗ್ಡಿಗೆ ಹೋಗಿದ್ರು. ಊರೆಲ್ಲ ನಗಾಡ್ತೈತೆ!”

“ಸೀರೆ ಸರಿಯಾಗಿರಬೇಕು, ನಾನು ಸರಿಯಾಗಿರಬೇಕು ಅಂತ ನೀನೇ ಅಂದಿದ್ದೆ. ಚಪ್ಪಲಿ ವಿಷಯ ಒಪ್ಪಂದದಲ್ಲಿ ಇರಲಿಲ್ಲ” ಎಂದು ನಾನು ಕಾನೂನು ಎತ್ತಿದೆ.

ಅವ್ವ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಗಾಬರಿಯಾಗಿ ಬಗ್ಗಿ ನೋಡಿದರೆ, ನಗುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನನ್ನ ಮೊದಲ ರಿಪೋರ್ಟು ಬಂದ ದಿನದಿಂದ ಅವಳು ಹಾಗೆ ನಕ್ಕಿರಲಿಲ್ಲ.

“ನಾಳೆ ಹೋಗಿ ಅವರ ಚಪ್ಪಲಿ ಕೊಟ್ಟು ಬಾ” ಎಂದಳು.

“ನೀನು?”

“ನಾನ್ಯಾಕೆ? ಒಂದು ಚಪ್ಪಲಿ ಹೊರಾಕೆ ಇಬ್ಬರು ಬೇಕೇನೇ? ಸೋಮವಾರದಿಂದ ಮಿಲ್ಲಿಗೂ ಒಬ್ಬಳೇ ಹೋಗು.”

ಬುಧವಾರ ನಾನು ಯಾವ ತಪ್ಪಿಗೂ ಜಾಗ ಕೊಡಲಿಲ್ಲ. ಕರಿ ಚಪ್ಪಲಿ ಚೀಲದಲ್ಲಿ. ಕಾಲಿಗೆ ಬೆಲ್ಟಿನ ಚಪ್ಪಲಿ. ಬಗ್ಗಿ, ಕಣ್ಣಿಟ್ಟು ನೋಡಿದೆ: ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಬಣ್ಣ ಒಂದೇ. ಬಸ್ಸು ಹತ್ತಿದ ಮೇಲೂ ಎರಡೂ ಕಾಲಲ್ಲೇ ಇದ್ದವು. ಸಂಪೂರ್ಣ ವಿಜಯ! ದಿನಚರಿ ತೆಗೆಯುವಷ್ಟರಲ್ಲಿ ಅವ್ವನ ಫೋನು.

“ಲೇ ಸವೀ, ನಿನ್ನ ಚಪ್ಪಲಿ ನನ್ನ ಕಾಲಿಗೆ ಹಿಡೀತಿಲ್ಲ ಕಣೇ!”

ಕೆಳಗೆ ನೋಡಿದೆ. ನನ್ನ ಬೆರಳುಗಳು ಮುಗಿದ ಮೇಲೂ ಚಪ್ಪಲಿ ಒಂದು ಅಂಗುಲ ಮುಂದಕ್ಕೆ ಹೋಗಿತ್ತು. ಬಸ್ಸು ಆಗಲೇ ಊರು ದಾಟಿತ್ತು.