ತಡೆಯಲಾಗಲಿಲ್ಲ

ಎರಡು ವರ್ಷದಿಂದ ಆವುಲಪ್ಪನ ಮೂತ್ರಕೋಶ ಅವನ ಮಾತು ಕೇಳುತ್ತಿರಲಿಲ್ಲ. ಅರ್ಧ ಲೋಟ ನೀರು ಕುಡಿದರೆ ಸಾಕು, ಕೆರೆ ಕೋಡಿ ಬಿದ್ದಂಥ ಅವಸರ. ಸೂಳಗಿರಿಯಾಚೆಯ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನಿಗೆ ಪ್ಯಾಕಿಂಗ್ ಕೆಲಸ. ಡಬ್ಬಕ್ಕೆ ಟೇಪು ಸುತ್ತಿದ್ದಕ್ಕಿಂತ ಬಾತ್‌ರೂಮಿಗೆ ಓಡಿದ್ದೇ ಹೆಚ್ಚು. ಎರಡು ಬಗೆಯ ಮಾತ್ರೆ ನುಂಗಿದ. ಬಾಯಿ ಒಣಗಿತೇ ಹೊರತು ಬೇರೇನೂ ಒಣಗಲಿಲ್ಲ. ಬಿಗಿಹಿಡಿಯುವ ವ್ಯಾಯಾಮ ಮಾಡಿದ, ಕಾಫಿ ಬಿಟ್ಟ. ಊಹೂಂ.

ಕೊನೆಗೆ ಹೊಸೂರಿನ ಡಾಕ್ಟರಮ್ಮ ಹೇಳಿದರು: "ಕಾಲಿನ ಹರಡಿನ ಹತ್ತಿರ ಸಣ್ಣ ಸೂಜಿ ಚುಚ್ಚಿ ಸ್ವಲ್ಪ ಕರೆಂಟ್ ಕೊಡೋಣ. ವಾರಕ್ಕೊಂದ್ಸಲ, ಹನ್ನೆರಡು ವಾರ."

"ನನ್ ಕಾಲು ಚೆನ್ನಾಗೇ ಐತಲ್ಲಮ್ಮ?" ಆವುಲಪ್ಪ ಕಕ್ಕಾಬಿಕ್ಕಿಯಾದ. ಸೂರು ಸೋರಿದರೆ ಹೊಸ್ತಿಲಿಗೆ ಗಾರೆ ಮೆತ್ತುವ ವೈದ್ಯವಿದು!

"ಆ ನರಕ್ಕೂ ಮೂತ್ರಕೋಶಕ್ಕೂ ಸಂಬಂಧ ಇದೆ. ಮೊದ್ಲು ಮೂರು ದಿನ ಯಾವಾಗ ಹೋದ್ರಿ, ಹೇಗೆ ಹೋದ್ರಿ ಅಂತ ಬರ್ಕೊಂಡು ಬನ್ನಿ. ಅದನ್ನ ನೋಡದೆ ಶುರು ಮಾಡಲ್ಲ."

ಹಾಗೆ ಒಂದು ಪುಟ್ಟ ಪುಸ್ತಕ ಅವನ ಜೇಬು ಸೇರಿತು. ಮೂರನೆಯ ದಿನ ಬೆಳಿಗ್ಗೆ, ಎದ್ದುಬಿದ್ದು ಓಡುವಾಗ ಅದು ಕೆಳಗೆ ಜಾರಿತು. ನೆಲ ಒರೆಸುತ್ತಿದ್ದ ಭದ್ರಮ್ಮ ಎತ್ತಿ, ಪಕ್ಕದ ಮೇಜಿನ ಕುಮಾರೇಶನ ಕೈಗಿಟ್ಟಳು. ಅವನು ಗಟ್ಟಿಯಾಗಿ ಓದಿದ:

"8.40, ಓಡಿದ್ದು. 9.15, ಸುಮ್ಮನೆ ಹೋಗಿದ್ದು. 9.50, ತಡೆಯಲಾಗಲಿಲ್ಲ."

ಓದುತ್ತಿದ್ದಂತೆ ಕುಮಾರೇಶನ ಮುಖ ಕಪ್ಪಿಟ್ಟಿತು. "ಒಂಬತ್ತೂ ಕಾಲ್ಗೆ ಫೋನ್ ನೋಡಕ್ಕೆ ಸುಮ್ನೆ ಹೋಗಿದ್ದು ನಾನು! ನಮ್ಮನ್ನೆಲ್ಲ ಕಾಯ್ತಾವ್ನೆ ಕಣಮ್ಮ ಇವ್ನು!"

"9.50ಕ್ಕೆ ನಾನೂ ಹೋಗಿದ್ದೆ," ಭದ್ರಮ್ಮ ಎದೆ ಹಿಡಿದುಕೊಂಡಳು. "ನನ್ನ ತಡೆಯಕ್ಕೆ ಇವ್ನ್ಯಾವನು?"

ಆವುಲಪ್ಪ ಹಿಂತಿರುಗುವಷ್ಟರಲ್ಲಿ ಪುಸ್ತಕ ಕುಮಾರೇಶನ ಜೇಬು ಸೇರಿತ್ತು; ಎಲ್ಲರೂ ಮುಖ ತಿರುಗಿಸಿದರು. ಊಟಕ್ಕೆ ಕೂತರೆ ಬೆಂಚಿನವರೆಲ್ಲ ತಟ್ಟೆ ಎತ್ತಿಕೊಂಡು ನಡೆದರು. ವಾಸನೆ ಬರುತ್ತಿದೆಯೇನೋ ಎಂದು ಅವನು ತನ್ನ ಅಂಗಿಯನ್ನೇ ಮೂಸಿಕೊಂಡ. ಯಾರೂ ಬಾತ್‌ರೂಮಿನ ಕಡೆ ಸುಳಿಯುತ್ತಿಲ್ಲ. ಕುಮಾರೇಶ ಕಾಲ ಮೇಲೆ ಕಾಲು ಹೆಣೆದು, ಬೆವರುತ್ತ ಟೇಪು ಸುತ್ತುತ್ತಿದ್ದಾನೆ. ಏನಾಗಿದೆ ಇವರಿಗೆಲ್ಲ?

ಎರಡು ಗಂಟೆಗೆ ಎಲ್ಲರೂ ಅವನನ್ನು ಎಳೆದುಕೊಂಡು ಮ್ಯಾನೇಜರ್ ಶ್ರೀನಿವಾಸ್ ಮುಂದೆ ನಿಂತರು. ಮೇಜಿನ ಮೇಲೆ ಪುಸ್ತಕ ಬಿದ್ದಾಗಲೇ ಆವುಲಪ್ಪನಿಗೆ ವಿಷಯ ಹೊಳೆದದ್ದು. ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಜನ ಹೋಗುತ್ತಾರೆ. ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ.

"ಅದೆಲ್ಲ ನಾನೇ ಸಾರ್! ನನ್ಗೆ... ತಡ್ಕೊಳಕ್ಕಾಗಲ್ಲ."

ಕುಮಾರೇಶ ಕಿಸಕ್ಕನೆ ನಕ್ಕ. "ಒಂದು ಶಿಫ್ಟ್‌ಗೆ ಹದಿನಾಲ್ಕು ಸಲ? ನಮ್ಮೂರ ಬೋರ್‌ವೆಲ್ಲೂ ಅಷ್ಟು ಸಲ ಬಿಡಲ್ಲ ಕಣ್ಲಾ! ಸುಳ್ಳಾದ್ರೂ ನಂಬೋ ಹಂಗೆ ಹೇಳು."

ಶ್ರೀನಿವಾಸ್ ಮಾತ್ರ ಪುಟ ತಿರುವುತ್ತ ಅರಳಿಹೋದರು. "ರೊಂಬ ನಲ್ಲ ವೇಲೆ, ಆವುಲಪ್ಪ! ಒಳ್ಳೆ ಕೆಲಸ, ಎಲ್ರೂ ಹೋಗಿದ್ದನ್ನ ಬರೆದಿಟ್ಟಿದ್ದೀರಿ. ಜೊತೆಯವ್ರನ್ನ ಉಳಿಸಕ್ಕೆ ತಪ್ಪು ತಲೆ ಮೇಲೆ ಹಾಕ್ಕೊಂಡ್ರಲ್ಲ, ಅದು ಇನ್ನೂ ದೊಡ್ಡ ಗುಣ. ಇದನ್ನ ಹೆಡ್ ಆಫೀಸಿಗೆ ಕಳಿಸ್ತೀನಿ."

"ಅಯ್ಯೋ ಬ್ಯಾಡ ಸಾರ್, ನಾಳೆ ಡಾಕ್ಟರ್ಗೆ ತೋರಿಸ್ಬೇಕು..."

"ಡಾಕ್ಟರಿಗ್ಯಾಕ್ರೀ ಇದು?" ಪುಸ್ತಕ ಬೀರುವಿನೊಳಗೆ ಹೋಯಿತು, ಬೀಗವೂ ಬಿತ್ತು. "ಇವತ್ತಿಂದ ಬಾತ್‌ರೂಮಿಗೆ ತಲೆಗೆರಡೇ ಟೋಕನ್. ಬಾಗ್ಲಲ್ಲಿ ಕೂತು ಕೊಡೋ ಜವಾಬ್ದಾರಿ ನಿಮ್ದು. ನಿಮ್ಗೂ ಎರಡೇ, ನೀವು ಮಾದರಿಯಾಗಿರ್ಬೇಕು."

ಕುರ್ಚಿ ಹಾಕಿದ್ದು ಕೈತೊಳೆಯುವ ನಲ್ಲಿಗಳ ಪಕ್ಕದಲ್ಲಿ. ಒಬ್ಬರಾದ ಮೇಲೊಬ್ಬರು ಬೇಕೆಂದೇ ನಲ್ಲಿ ತಿರುಗಿಸಿ ಹೋದರು. ನೀರು ಜುಳುಜುಳು ಸುರಿಯಿತು. ಮೂರೂ ಕಾಲಿಗೆ ಆವುಲಪ್ಪನ ಎರಡು ಟೋಕನ್ನೂ ಮುಗಿದವು. ಮೂರೂವರೆಗೆ ಮೆಲ್ಲಗೆ ಎದ್ದ. ಬಾಗಿಲು ಎರಡೇ ಮಾರು ದೂರ.

ಭದ್ರಮ್ಮ ಒರೆಸುವ ಕೋಲನ್ನು ಅಡ್ಡ ಹಿಡಿದಳು.

"ಎಲ್ಗೆ ಹೊಂಟೆ? ಕೂತ್ಕೊಳಪ್ಪ. ರೂಲ್ಸು ಅಂದ್ರೆ ರೂಲ್ಸು."